ಆಚೆ ಇದೀನಿ

ಒಲೆಗೆ ಇನ್ನೊಂದು ಕೊರಡು ಹಾಕಪ್ಪಾ. ಹಾಕಿ ಆ ಕಿಟಕಿ ಕಡೆ ಬೆನ್ನು ಮಾಡಿ ಕೂತ್ಕೋ. ನಾನು ಇದನ್ನ ಹೇಳೋವಾಗ ಯಾರಾದರೂ ಹೊರಗೆ ಕತ್ತಲು ನೋಡ್ತಾ ಕೂತರೆ ನನಗಾಗಲ್ಲ. ಕತೆ ಹೇಳು ಅಂದ್ರಿ. ಇದು ಕತೆ ಅಲ್ಲ... ನನ್ನ ದೊಡ್ಡಪ್ಪನ ಮಗಳು ಟೈನಾಗೆ ಆದದ್ದು. ನಂಬೋರು ಕೂತ್ಕೊಳ್ಳಿ. ನಂಬದವರಿಗೆ ಸೌನಾ ಇನ್ನೂ ಬಿಸಿ ಇದೆ, ಹೋಗಿ ಬೆವರಿಕೊಂಡು ಬನ್ನಿ.

ಅಕ್ಟೋಬರ್ ಕೊನೆ. ಹೊತ್ತು ಮುಳುಗಿತ್ತು. ಟೈನಾ ಮತ್ತೆ ಅವಳ ತಮ್ಮ ಆಕ್ಸೆಲ್ ಮನೆಗೆ ನಡೆದು ಬರ್ತಿದ್ದರು. ಕಾಲೇಜಿನ ವ್ಯಾನು ದೊಡ್ಡ ರಸ್ತೆಗೆ ಬಿಟ್ಟು ಹೋಗ್ತಿತ್ತು, ಅಲ್ಲಿಂದ ಕಾಡೊಳಗಿನ ಕಾಲುದಾರಿ. ಆ ದಾರಿಯಲ್ಲಿ ಹಳೇ ಮರ ಕಡಿಯೋರ ಬಿಡಾರ ಇತ್ತು, ನಮ್ಮ ಮುತ್ತಜ್ಜಂದಿರು ಫಿನ್‌ಲ್ಯಾಂಡಿನಿಂದ ಬಂದು ಮೊದಲು ಮಲಗಿದ್ದೇ ಅಲ್ಲಿ. ಗುಡಿಸಲುಗಳೆಲ್ಲ ಮಣ್ಣಾಗಿ ಹೋಗಿವೆ. ಉಳಿದಿರೋದು ಒಂದು ಬಾವಿ. ಕಲ್ಲಿನ ಕಟ್ಟೆ, ಮೇಲೊಂದು ತುಕ್ಕು ಹಿಡಿದ ತಗಡು. ಗಾಳಿ ಬಂದರೆ ತಗಡು ಕಲ್ಲಿಗೆ ತಾಗಿ ಟಿಣ್... ಟಿಣ್... ಅನ್ನುತ್ತೆ.

ಇಬ್ಬರೂ ಕಾಡಿನ ಕೆಲಸ ಕಲೀತಿದ್ದರು. ಮರದ ಸುತ್ತಳತೆ ತೆಗೆಯೋದು, ತೊಗಟೆ ನೋಡಿ ಜಾತಿ ಹೇಳೋದು, ದಿಕ್ಸೂಚಿ ಹಿಡಿದು ಗಡಿ ಹಾಕೋದು, ಕಡಿಯಬೇಕಾದ ಮರಕ್ಕೆ ನೀಲಿ ಬಣ್ಣ ಹೊಡೆಯೋದು, ಕೊನೆಗೆ ಗರಗಸದ ಯಂತ್ರ ಹಿಡಿದು ಮರ ಬೀಳಿಸೋದು. ಪಾಸಾದರೆ ಅರಣ್ಯ ಇಲಾಖೆಯಲ್ಲಿ ತೀರಾ ಕೆಳಗಿನ ಮೆಟ್ಟಿಲಿನ ಕೆಲಸ ಸಿಗುತ್ತೆ. ಮೆಟ್ಟಿಲು ಕೆಳಗಿನದಾದರೇನು, ನಮ್ಮ ಮಿಷಿಗನ್ನಿನ ಈ ಬಡಗು ಮೂಲೆಯಲ್ಲಿ ಗಣಿ ಮುಚ್ಚಿದ ಮೇಲೆ ಅದೇ ದೊಡ್ಡದು.

ಅವತ್ತು ಅವರಿಗೆ ಕಲಿಸಿದ್ದು ಕೂಗು. ಮರಕ್ಕೆ ಕೊನೆಯ ಕೊಯ್ತ ಹಾಕೋ ಮೊದಲು ಯಂತ್ರ ನಿಲ್ಲಿಸಬೇಕು. ಕಿವಿ ಮೇಲಿನ ಮುಚ್ಚಳ ಎತ್ತಬೇಕು. "ಆಚೆ ಇದೀಯಾ?" ಅಂತ ಜೊತೆಗಾರನಿಗೆ ಕೂಗಬೇಕು. ಅವನು ಮರ ಬೀಳೋ ಜಾಗ ಬಿಟ್ಟು ದೂರ ನಿಂತಿದ್ದರೆ "ಆಚೆ ಇದೀನಿ" ಅಂತ ಓಗೊಡಬೇಕು. ಓಗೊಡಲಿಲ್ಲ ಅಂದರೆ ಕೊಯ್ಯೋ ಹಾಗಿಲ್ಲ. ಇಷ್ಟು ನಮ್ಮ ಕಡೆ ಎಲ್ಲರೂ ಮಾಡ್ತಾರೆ. ಆದರೆ ಕಲಿಸೋ ಲಾಂಪಿ ಮೇಷ್ಟ್ರು ಇದಕ್ಕೆ ತಮ್ಮದೇ ಇನ್ನೊಂದು ಸೇರಿಸಿದ್ದರು.

"ಕಿವಿಗೆ ಕೇಳಿದ್ದು ಲೆಕ್ಕಕ್ಕಿಲ್ಲ. ಜೊತೆಗಾರ ಎತ್ತಿದ ಕೈ ಕಣ್ಣಿಗೆ ಕಾಣಬೇಕು. ಕಾಣಲಿಲ್ವಾ, ಯಂತ್ರ ಕೆಳಗಿಡಿ. ಹುಡುಕ್ಕೊಂಡು ಹೋಗಿ. ಕತ್ತಲಾದರೂ ಸರಿ."

ಹುಡುಗರು ಬಿಡ್ತಾರಾ. ಮಧ್ಯಾಹ್ನ ಪ್ಯಾಸ್ಟಿ, ಅದೇ ನಮ್ಮ ಕಡೆಯ ಮಾಂಸದ ಕಡುಬು, ಬಿಚ್ಚಿಕೊಂಡು ಕೂತಾಗ ಒಬ್ಬ ಕೈ ಎತ್ತಿ, "ಆಚೆ ಇದೀನಿ ಮೇಷ್ಟ್ರೇ, ಒಂದು ತುತ್ತು ಕಚ್ಚಲಾ?" ಅನ್ನೋನು. ಲಾಂಪಿ ನಗ್ತಿರಲಿಲ್ಲ. ಬಯ್ಯುತ್ತಲೂ ಇರಲಿಲ್ಲ. ಆ ಮನುಷ್ಯ ಕಾಫಿ ಲೋಟದೊಳಗೆ ನೋಡ್ತಾ ಕೂತುಬಿಡೋರು.

ಸರಿ. ಬಾವಿ ಹತ್ತಿರ ಬಂದರು. ಆಕ್ಸೆಲ್‌ಗೆ ಸುಮ್ಮನಿರೋಕೆ ಬರಲ್ಲ, ಅವನ ವಯಸ್ಸೂ ಅಂಥದ್ದು. ತಗಡನ್ನ ಗರ್ರ್ ಅಂತ ಪಕ್ಕಕ್ಕೆ ಎಳೆದ. ಬಗ್ಗಿ ಒಳಗೆ ಕೂಗಿದ:

"ಆಚೆ ಇದೀಯಾ?"

ಬಾವಿ ಏನು ಮಾಡಬೇಕು ಹೇಳಿ? ಅದೇ ಮಾತನ್ನ ತಿರುಗಿಸಿ ಕೊಡಬೇಕು. ಇದೀಯಾ... ಈಯಾ... ಅಂತ.

ಒಂದು ಕ್ಷಣ ಏನೂ ಇಲ್ಲ. ಆಮೇಲೆ...

"ಆಚೆ ಇದೀನಿ."

ಪ್ರತಿಧ್ವನಿಯಲ್ಲ. ಕೇಳಿದ್ದಕ್ಕೆ ಉತ್ತರ. ಅದೂ ಬಾವಿಯೊಳಗಿಂದಲ್ಲ, ಬಾವಿಯ ಹಿಂದಿನ ಇಳಿಜಾರಿನಿಂದ. ಗಂಡಸಿನ ದನಿ. ಆತುರ ಇಲ್ಲ, ಗಾಬರಿ ಇಲ್ಲ.

"ಯಾರೋ ಬೇಟೆಯವರು ಇರಬೇಕು," ಅಂದ ಆಕ್ಸೆಲ್, ಪಿಸುದನಿಯಲ್ಲಿ. "ನಮ್ಮನ್ನ ಆಟ ಆಡಿಸ್ತಿದಾರೆ ಅಕ್ಕಾ."

"ನಡಿ."

"ನೀನ್ಯಾಕೆ ಹಿಂಗೆ ಬೆಳ್ಳಗಾದೆ?"

"ನಡಿ ಅಂದೆ ನಾನು."

ಆಕ್ಸೆಲ್‌ಗೆ ಗೊತ್ತಾಗಲಿಲ್ಲ. ಅಪ್ಪ ಹೋದಾಗ ಅವನು ತೀರಾ ಚಿಕ್ಕವನು, ಅಪ್ಪನ ದನಿ ಅವನಿಗೆ ನೆನಪಿಲ್ಲ. ಟೈನಾಗೆ ನೆನಪಿತ್ತು.

ಅವರಪ್ಪ, ಅಂದರೆ ನನ್ನ ರೂಬೆನ್ ದೊಡ್ಡಪ್ಪ, ಸತ್ತದ್ದು ಅದೇ ಇಳಿಜಾರಿನಲ್ಲಿ, ಮರದ ಕೆಳಗೆ ಸಿಕ್ಕಿ. ಮರ ಕೊಯ್ದದ್ದು ಅವನ ಜೊತೆಗಾರ ವೇಯ್ನೊ ಲಾಂಪಿ. ಹೂಂ, ಇದೇ ಲಾಂಪಿ ಮೇಷ್ಟ್ರು. ಅವರು ಅವತ್ತಿಂದ ಕಡಿಯೋದು ಬಿಟ್ಟು ಕಲಿಸೋಕೆ ನಿಂತರು. ಪೊಲೀಸರು ಕೇಳಿದಾಗಲೂ, ಪಾದ್ರಿ ಕೇಳಿದಾಗಲೂ ಅವರದು ಒಂದೇ ಮಾತು: "ನಾನು ಕೂಗಿದೆ. ರೂಬೆನ್ 'ಆಚೆ ಇದೀನಿ' ಅಂದ. ಅವನದೇ ದನಿ. ಆಮೇಲೇ ಕೊಯ್ದೆ."

ಯಾರೂ ನಂಬಲಿಲ್ಲ. ನಂಬೋದು ಹೆಂಗೆ? ಅವತ್ತು ಬೆಳಿಗ್ಗೆ ದೊಡ್ಡಪ್ಪ ದವಡೆ ಹಲ್ಲು ಕೀಳಿಸಿಕೊಂಡಿದ್ದ. ಬಾಯಿ ತುಂಬ ಹತ್ತಿ ತುರುಕಿಕೊಂಡೇ ಕೆಲಸಕ್ಕೆ ಹೋಗಿದ್ದ. ಹೆಣ ತಂದಾಗಲೂ ಆ ಹತ್ತಿ ಅಲ್ಲೇ ಇತ್ತು. ಹೆಲ್ವಿ ದೊಡ್ಡಮ್ಮನೇ ತನ್ನ ಕೈಯಾರೆ ತೆಗೆದಳು. ಅವಳು ಅವತ್ತಿಂದ ಲಾಂಪಿಯನ್ನ ಹೆಸರು ಹಿಡಿದು ಕರೆದಿಲ್ಲ. ಸುಳ್ಳುಗಾರ ಅಂತಲೇ ಕರೆಯೋಳು. ಅಂಗಡಿಯಲ್ಲಿ ಎದುರಾದರೆ ಸಾಮಾನು ಅಲ್ಲೇ ಬಿಟ್ಟು ಹೊರಗೆ ಹೋಗಿಬಿಡೋಳು.

"ಬಾಯಿ ತುಂಬ ಹತ್ತಿ ಇಟ್ಟುಕೊಂಡೋನು ಹೆಂಗೆ ಕೂಗಿದ? ಕೂಗದೇ ಕೊಯ್ದೆ ಅಂತ ಆ ಸುಳ್ಳುಗಾರ ಒಪ್ಪಿಕೊಂಡಿದ್ದರೆ ನಾನು ಎಂದೋ ಕ್ಷಮಿಸಿಬಿಡ್ತಿದ್ದೆ."

ಮಕ್ಕಳು ಅದೇ ಮನುಷ್ಯನ ಹತ್ತಿರ ತರಬೇತಿಗೆ ಹೋಗ್ತೀವಿ ಅಂದಾಗ ದೊಡ್ಡಮ್ಮ ಎರಡು ದಿನ ಅಡುಗೆ ಮಾಡಲಿಲ್ಲ. ಬೇರೆ ದಾರಿ ಇರಲಿಲ್ಲ, ಈ ಕಡೆ ಕಲಿಸೋದು ಅವರೊಬ್ಬರೇ. ಕೊನೆಗೆ ಮಗಳನ್ನ ಕರೆದು ಹೇಳಿದಳು: "ಇಬ್ಬರು ಹೋಗ್ತೀರಿ. ಇಬ್ಬರೂ ಬರಬೇಕು. ಹುಡುಗನ ಹೊಣೆ ನಿಂದು. ಅವನಿಗೆ ಏನಾದರೂ ಆದರೆ ನೀನು ಈ ಮನೆಗೆ ಬರಬೇಡ." ಹಂಗಂತ ಹೆತ್ತ ತಾಯಿ ಅಂತಾಳಾ ಅಂತ ಕೇಳಬೇಡಿ. ಗಂಡನ ಬಾಯಿಂದ ಹತ್ತಿ ತೆಗೆದವಳು ಅವಳು.

ಈಗ ಹೇಳಿ, ಬಾವಿ ಹತ್ತಿರ ಕೇಳಿದ್ದನ್ನ ಟೈನಾ ಯಾರಿಗೆ ಹೇಳಬೇಕು? ಅಮ್ಮನಿಗೆ ಹೇಳಿದರೆ ಮಾರನೇ ದಿನವೇ ತರಬೇತಿ ಬಂದ್. ಲಾಂಪಿಗೆ ಹೇಳಿದರೆ... ಹೇಳಿದರೆ ಆ ಮನುಷ್ಯ ಇಷ್ಟು ವರ್ಷ ನಿಜ ಹೇಳ್ತಿದ್ದ ಅಂತ ತಾನೇ ಒಪ್ಪಿಕೊಂಡ ಹಾಗೆ. ಬೇಟೆಯವರೇ ಇರಬೇಕು ಅಂತ ತನಗೆ ತಾನೇ ಹೇಳಿಕೊಂಡಳು. ಅಲ್ಲಿಂದ ಮುಂದೆ ಇಬ್ಬರೂ ಸುತ್ತುಬಳಸಿ ಬರೋಕೆ ಶುರು ಮಾಡಿದರು.

ನವೆಂಬರ್‌ನಲ್ಲಿ ಕೊನೆಯ ಪರೀಕ್ಷೆ. ಒಬ್ಬೊಬ್ಬರೂ ಒಂದು ಮರವನ್ನ ಹೇಳಿದ ಕಡೆಗೇ ಬೀಳಿಸಿ ತೋರಿಸಬೇಕು. ಯಾವಾಗಲೂ ಹೊಳೆಯಾಚೆಯ ಕಾಡಿನಲ್ಲಿ ನಡೆಯುತ್ತಿತ್ತು. ಆ ವರ್ಷ ಹೊಳೆಯ ಸೇತುವೆ ಕೊಚ್ಚಿಕೊಂಡು ಹೋಯಿತು. ಕಾಲೇಜಿನವರಿಗೆ ಉಳಿದದ್ದು ಬಾವಿಯ ಹಿಂದಿನ ಇಳಿಜಾರು.

ಲಾಂಪಿ ಟೈನಾಳನ್ನ ಪಕ್ಕಕ್ಕೆ ಕರೆದರು. ಅವರಿಬ್ಬರೂ ಪಾಠ ಬಿಟ್ಟು ಬೇರೆ ಮಾತಾಡಿದ್ದು ಅದೇ ಮೊದಲು.

"ಆ ಜಾಗ ನಿಮ್ಮಿಬ್ಬರಿಗೆ ಬೇಡ ಅಂದರೆ ಬೇಡ. ವಸಂತಕ್ಕೆ ಹಾಕಿಕೊಳ್ಳೋಣ. ಯಾರೂ ಏನೂ ಅನ್ನಲ್ಲ."

"ವಸಂತಕ್ಕೆ ಇಲಾಖೆಯ ಖಾಲಿ ಕೆಲಸಗಳೆಲ್ಲ ಭರ್ತಿಯಾಗಿರುತ್ತೆ ಮೇಷ್ಟ್ರೇ."

"ಅದು ನಿಜ."

"ಪರವಾಗಿಲ್ಲ. ಮರ ಎಲ್ಲಿದ್ದರೂ ಮರವೇ."

ಲಾಂಪಿ ಏನೋ ಕೇಳೋರ ಹಾಗೆ ನಿಂತರು. "ಅಲ್ಲಿ... ನೀನು ಯಾವಾಗಲಾದರೂ..." ಅಂದರು. ಆಮೇಲೆ ತಲೆ ಆಡಿಸಿ ಹೋದರು. ಅವಳೂ ಹೇಳಲಿಲ್ಲ. ಈ ಒಂದು ಗಳಿಗೆ ಇದೆಯಲ್ಲ, ಟೈನಾ ನನ್ನ ಹತ್ತಿರ ಎಷ್ಟು ಸಲ ಹೇಳಿಕೊಂಡು ಅತ್ತಿದ್ದಾಳೋ.

ಪರೀಕ್ಷೆಯ ವಾರ ಆಕ್ಸೆಲ್‌ಗೆ ಗಂಟಲು ಕಟ್ಟಿತು. ಶೀತ, ಕೆಮ್ಮು, ಆಮೇಲೆ ದನಿಯೇ ಹೋಯಿತು. ಬಾಯಿ ಬಿಟ್ಟರೆ ಹಳೇ ಬಾಗಿಲಿನ ಹಾಗೆ ಕಿರ್ರ್ ಅನ್ನೋದು, ಅಷ್ಟೇ. ಲಾಂಪಿ ತಮ್ಮ ಕೊರಳಿನ ಹಿತ್ತಾಳೆ ಸೀಟಿ ಬಿಚ್ಚಿ ಅವನಿಗೆ ಕಟ್ಟಿದರು.

"ಇವನು ಇವತ್ತು ಕೂಗಲ್ಲ. ಊದುತ್ತಾನೆ. ಉದ್ದಕ್ಕೆ ಒಂದು ಸಲ ಊದಿದರೆ ಆಚೆ ಇದಾನೆ ಅಂತ. ಆಮೇಲೆ ಕೈ ಎತ್ತುತ್ತಾನೆ. ಟೈನಾ, ಗೊತ್ತಾಯ್ತಾ?"

"ಗೊತ್ತಾಯ್ತು."

"ಹೇಳು ಮತ್ತೆ."

"ಉದ್ದ ಸೀಟಿ. ಆಮೇಲೆ ಕೈ. ಒಂದು ವಾರ ಇವನ ಬಾಯಿ ಮುಚ್ಚಿದ್ದರೆ ನನಗೂ ನೆಮ್ಮದಿ ಮೇಷ್ಟ್ರೇ."

ಎಲ್ಲರೂ ನಕ್ಕರು. ಆಕ್ಸೆಲ್ ಸೀಟಿ ಕಚ್ಚಿಕೊಂಡು ಅಕ್ಕನ ಕಿವಿಗೇ ಊದಿದ.

ಟೈನಾಳ ಸರದಿ ಕೊನೆಗೆ ಬಂತು. ಸಂಜೆಯಾಗ್ತಿತ್ತು. ಹಿಮ ಸಣ್ಣಗೆ ಉದುರ್ತಿತ್ತು. ಉಳಿದವರು ವ್ಯಾನಿನ ಹತ್ತಿರ ಹೋಗಿ ಕಾಫಿ ಕುಡೀತಿದ್ದರು. ಲಾಂಪಿ ಇಳಿಜಾರಿನ ಮಧ್ಯೆ ನಿಂತಿದ್ದರು. ಅವಳದು ಒಂದು ಕೆಂಪು ಪೈನ್ ಮರ, ನೆಟ್ಟಗೆ ಬೆಳೆದದ್ದು. ಬಾವಿಯ ಕಡೆಗೆ ಬೀಳಿಸಬೇಕು.

ಮರ ಬೀಳಬೇಕಾದ ಕಡೆಗೆ, ಬುಡದ ಮುಂದಿನ ಕಚ್ಚು ಹಾಕಿದಳು. ಚೆನ್ನಾಗಿ ಬಂತು. ಯಂತ್ರ ಗರ್... ಗರ್... ಅಂತ ಇಳಿದು ನಿಂತಿತು. ಕಿವಿ ಮುಚ್ಚಳ ಎತ್ತಿದಳು. ಕಾಡು ಅಂದರೆ ಕಾಡು, ಎಲ್ಲೂ ಸದ್ದಿಲ್ಲ. ಹಿಮ ಎಲೆಗೆ ತಾಗೋ ಸಣ್ಣ ಸರಸರ. ಆಮೇಲೆ ಕೆಳಗಿಂದ, ಗಾಳಿಯೇ ಇಲ್ಲದೆ, ಟಿಣ್...

"ಆಚೆ ಇದೀಯಾ?" ಅಂತ ಕೂಗಿದಳು.

"ಆಚೆ ಇದೀನಿ ಅಕ್ಕಾ."

ಆಕ್ಸೆಲ್‌ನ ದನಿ. ಚೊಕ್ಕ ದನಿ. ಆ ಕೊನೆಯ 'ಅಕ್ಕಾ'ವನ್ನ ಅವನು ಎಳೆಯೋ ರೀತಿಯೂ ಅದೇ.

ಆ ದನಿಯನ್ನ ಅವಳು ದಿನಾ ಕೇಳಿದವಳು. ಬಚ್ಚಲಿಂದ ಟವೆಲ್ ಕೊಡು ಅಂತ ಕೂಗಿದಾಗ, ರಾತ್ರಿ ಕನಸು ಬಿದ್ದು ಕರೆದಾಗ. ಮನೆಯವರ ದನಿಗೆ ಯಾರಾದರೂ ಸಾಕ್ಷಿ ಕೇಳ್ತಾರಾ? ಕೈ ಕಾಣುತ್ತಾ ಅಂತ ಒಂದು ಸಲ ನೋಡಿದಳು. ಕೆಳಗೆ ಮಬ್ಬು, ಫರ್ ಗಿಡಗಳ ಗುಂಪು, ಏನೂ ಕಾಣಲಿಲ್ಲ. ಬೆಳಕು ಹೋಗ್ತಿದೆ, ಈಗ ಬಿಟ್ಟರೆ ವಸಂತ. ಮುಚ್ಚಳ ಕಿವಿಗೆ ಇಳಿಸಿದಳು. ಯಂತ್ರದ ಹಗ್ಗ ಎಳೆದಳು. ಹಿಂದಿನಿಂದ ಕೊನೆಯ ಕೊಯ್ತ ಹಾಕಿದಳು.

ಬೆಣೆ ಹೊಡೆದಳು. ಟಕ್. ಟಕ್. ಮರದ ನಾರು ಹರಿಯೋ ಸದ್ದು... ಚರ್ರ್... ಪಟ್. ತುದಿ ಆಕಾಶದಲ್ಲಿ ಒಂದಿಷ್ಟು ಅಲುಗಿತು.

ಆಗ ಅವಳಿಗೆ ಹೊಳೀತು. ಆಕ್ಸೆಲ್‌ಗೆ ದನಿ ಇಲ್ಲ.

ಮುಚ್ಚಳ ಕಿತ್ತೆಸೆದಳು. ಲಾಂಪಿ ಕಿರುಚ್ತಾ ಇಳಿಜಾರಿನಲ್ಲಿ ಓಡ್ತಿದ್ದರು. "ಕೊಯ್ಬೇಡ, ಕೊಯ್ಬೇಡ," ಅಂತ. ಎಷ್ಟು ಹೊತ್ತಿಂದ ಕಿರುಚ್ತಿದ್ದರೋ. ಆ ಓಗೊಟ್ಟ ದನಿ ಅವರ ಕಿವಿಗೂ ಬಿದ್ದಿತ್ತು. ಹುಡುಗನ ಗಂಟಲು ಬೆಳಿಗ್ಗೆ ನೋಡಿದವರು ಅವರೇ, ಸೀಟಿ ಕಟ್ಟಿದವರು ಅವರೇ, ಅವರಿಗೆ ಆ ಕ್ಷಣಕ್ಕೇ ಗೊತ್ತಾಗಿತ್ತು. ಮರ ಬೀಳೋದನ್ನ ಯಾರೂ ಹಿಡಿದು ನಿಲ್ಲಿಸೋಕಾಗಲ್ಲ. ಹೋ... ಅಂತ ದೊಡ್ಡದಾಗಿ ಉಸಿರು ಬಿಟ್ಟ ಹಾಗೆ ಗಾಳಿ ಸೀಳಿಕೊಂಡು ಬಂತು. ನೆಲ ಧೊಪ್ ಅಂತು. ಕೊಂಬೆಗಳು ಲಟಲಟ ಮುರಿದವು. ಆಮೇಲೆ ಹಿಮ ಮೆಲ್ಲಗೆ ಕೆಳಗಿಳೀತು.

ಅವಳು ಹೇಗೆ ಕೆಳಗೆ ಬಂದಳೋ ಅವಳಿಗೆ ಗೊತ್ತಿಲ್ಲ.

ಆಕ್ಸೆಲ್ ಬದುಕಿದ್ದ. ಫರ್ ಗಿಡದ ಬುಡದಲ್ಲಿ ಮೊಣಕಾಲೂರಿ ಕೂತಿದ್ದ, ಅಂಗೈ ಕಿತ್ತುಹೋಗಿತ್ತು. ಬೆಳಿಗ್ಗೆ ಗಡಿ ಗುರುತಿಗೆ ಕಟ್ಟಿದ್ದ ಬಟ್ಟೆ ಪಟ್ಟಿ ಬಿಚ್ಚಿಕೊಂಡು ಬರೋಕೆ ಅಂತ ಮರ ಬೀಳೋ ಸಾಲಿಗೇ ಬಂದಿದ್ದನಂತೆ. ಮುಂದಿನ ಕಚ್ಚು ಇನ್ನೂ ಮುಗಿದಿಲ್ಲ ಅಂದುಕೊಂಡಿದ್ದ, ಕೆಲಸ ಮುಗಿಸಿ ಆಚೆ ಹೋಗಿ ಸೀಟಿ ಊದೋಣ ಅಂತ. ಆಗ ಬೆನ್ನ ಹಿಂದೆಯೇ ತನ್ನ ದನಿ ಕೇಳಿಸಿತಂತೆ, "ಆಚೆ ಇದೀನಿ ಅಕ್ಕಾ" ಅಂತ. ತಿರುಗಿ ನೋಡಿದ. ಬಾವಿ ಬಿಟ್ಟರೆ ಏನಿಲ್ಲ. ಅಲ್ಲ ಅಕ್ಕಾ ಅನ್ನೋಕೆ ಬಾಯಿ ತೆರೆದ, ದನಿ ಬರಲಿಲ್ಲ. ಸೀಟಿ ಬಾಯಿಗಿಟ್ಟ, ಉಸಿರು ಬರಲಿಲ್ಲ. ಕಾಲು ಕಿತ್ತಿಡೋಕಾಗಲಿಲ್ಲವಂತೆ. ಇದನ್ನೆಲ್ಲ ಅವನು ಆಮೇಲೆ ಬರೆದು ತೋರಿಸಿದ್ದು. ಅದಾದ ಮೇಲೆ ಯಾರೋ ಬಂದು ಎದೆಗೆ ಗುದ್ದಿ ಆಚೆ ತಳ್ಳಿದ್ದು ಮಾತ್ರ ನೆನಪಿತ್ತು.

ಲಾಂಪಿ ಮರದ ಕೆಳಗಿದ್ದರು. ಸೊಂಟದಿಂದ ಕೆಳಗೆ ಏನೂ ಉಳಿದಿರಲಿಲ್ಲ. ಉಸಿರು ಇತ್ತು.

"ಹುಡುಗ?" ಅಂದರು.

"ಇದಾನೆ ಮೇಷ್ಟ್ರೇ. ಇಲ್ಲೇ ಇದಾನೆ."

"ಅದು ನಿನಗೂ ಓಗೊಟ್ಟಿತಾ?"

"ಹೂಂ."

ಲಾಂಪಿ ಕಣ್ಣು ಮುಚ್ಚಿದರು. ಅವರ ಮುಖದಲ್ಲಿ ಒಂದು ಥರದ ಸಮಾಧಾನ ಬಂತು ಅಂತಾಳೆ ಟೈನಾ. ಇಷ್ಟು ವರ್ಷ ಒಬ್ಬರೇ ಹೊತ್ತದ್ದನ್ನ ಇನ್ನೊಬ್ಬರು ಕೈ ಹಾಕಿ ಹಿಡಿದರೆ ಬರುತ್ತಲ್ಲ, ಅಂಥದ್ದು.

"ನಿಮ್ಮಮ್ಮನಿಗೆ ಹೇಳು," ಅಂದರು. ವ್ಯಾನಿನ ಹುಡುಗರು ಓಡಿ ಬರೋ ಹೊತ್ತಿಗೆ ಮುಗಿದಿತ್ತು.

ಹೇಳಬೇಕಿತ್ತಲ್ಲ, ಹೇಳಿದಳು. ಅವತ್ತು ರಾತ್ರಿ ಅಡುಗೆಮನೆ ಬಾಗಿಲಲ್ಲೇ ನಿಂತು, ಬೂಟು ಕೂಡ ಬಿಚ್ಚದೆ.

"ಅಮ್ಮಾ, ನಾನು ಕೂಗಿದೆ. ಇವನು 'ಆಚೆ ಇದೀನಿ' ಅಂದ. ಇವನದೇ ದನಿ. ಆಮೇಲೇ ಕೊಯ್ದೆ."

ದೊಡ್ಡಮ್ಮ ಮಗಳನ್ನ ನೋಡಿದಳು. ಮಗನನ್ನ ನೋಡಿದಳು. ಅವನ ಕೊರಳಿಗೆ ಅವಳೇ ಬೆಳಿಗ್ಗೆ ಸುತ್ತಿದ ಉಣ್ಣೆ ಪಟ್ಟಿ ಹಾಗೇ ಇತ್ತು. ಸುಳ್ಳು ಅನ್ನೋಕೆ ಬಾಯಿ ಬರಬೇಕಲ್ಲ. ಅವಳು ಹೊಟ್ಟೇಲಿ ಹೊತ್ತು ಹೆತ್ತ ಮಗಳು, ಅದೇ ಮಾತನ್ನ, ಆ ಮನುಷ್ಯ ಹೇಳಿದ ಹಾಗೇ ಹೇಳ್ತಿದ್ದಾಳೆ. ಕುರ್ಚಿ ಹುಡುಕಿಕೊಂಡು ಕೂತಳು. ಎಷ್ಟೋ ಹೊತ್ತು ತನ್ನ ಎರಡು ಬೆರಳು ನೋಡ್ತಾ ಕೂತಿದ್ದಳು, ಹತ್ತಿ ತೆಗೆದ ಬೆರಳು.

ಬೆಳಿಗ್ಗೆ ರೈ ರೊಟ್ಟಿ ಬೇಯಿಸಿ, ಬಟ್ಟೆಯಲ್ಲಿ ಸುತ್ತಿಕೊಂಡು, ಲಾಂಪಿಯ ತಂಗಿಯ ಮನೆಗೆ ಹೋದಳು. ನಾನೇ ಟ್ರಕ್ಕಿನಲ್ಲಿ ಬಿಟ್ಟೆ. ಆ ಹೆಂಗಸು ಬಾಗಿಲು ತೆಗೆದಳು. ದೊಡ್ಡಮ್ಮ ಮೆಟ್ಟಿಲ ಮೇಲೆ ನಿಂತಳು, ರೊಟ್ಟಿ ಹಿಡಿದುಕೊಂಡು. "ವೇಯ್ನೊ..." ಅಂದಳು. ಹೆಸರು ಹಿಡಿದದ್ದು ಅಷ್ಟೇ. ರೊಟ್ಟಿ ಮುಂದಕ್ಕೆ ಚಾಚಿದಳು. ಆ ತಂಗಿ ರೊಟ್ಟಿ ತಗೊಂಡು ಬಾಗಿಲು ಹಾಕಿಕೊಂಡಳು. ತಪ್ಪೇನಿಲ್ಲ ಬಿಡಿ.

ಪೊಲೀಸರು ಆಕಸ್ಮಿಕ ಅಂತ ಬರೆದುಕೊಂಡರು. ಊರು ಹಾಗೆ ಬರೆದುಕೊಳ್ಳಲಿಲ್ಲ. ಟೈನಾ ಈಗ ಎಲ್ಲಿದ್ದಾಳೆ ಗೊತ್ತಾ? ಇಲಾಖೆಯ ಕೆಲಸಕ್ಕೆ ಹೋಗಲೇ ಇಲ್ಲ. ಅದೇ ಕಾಲೇಜಿನಲ್ಲಿ, ಲಾಂಪಿ ನಿಂತಿದ್ದ ಜಾಗದಲ್ಲಿ ನಿಂತು ಹೊಸ ಹುಡುಗರಿಗೆ ಕಲಿಸ್ತಾಳೆ. ಕಿವಿಗೆ ಕೇಳಿದ್ದು ಲೆಕ್ಕಕ್ಕಿಲ್ಲ, ಕೈ ಕಾಣಬೇಕು ಅಂತಾಳೆ. ಹುಡುಗರು ಊಟಕ್ಕೆ ಕೂತಾಗ ಕೈ ಎತ್ತಿ ಅವಳನ್ನ ಆಡಿಕೊಳ್ತಾರೆ. ಅವಳೂ ಕಾಫಿ ಲೋಟ ನೋಡ್ತಾ ಕೂರ್ತಾಳೆ.

ಆಕ್ಸೆಲ್‌ಗೆ ಕೆಲಸ ಸಿಕ್ಕಿತು. ಸಸಿ ಎಣಿಸೋದು, ಬಣ್ಣ ಹೊಡೆಯೋದು, ಮಾತು ಬೇಕಾಗದ ಕೆಲಸ. ಶೀತ ಹೋಯಿತು, ಕೆಮ್ಮು ಹೋಯಿತು, ದನಿ ಬರಲಿಲ್ಲ. ದೊಡ್ಡ ಆಸ್ಪತ್ರೆಗೆ ಕರಕೊಂಡು ಹೋದರು. ಗಂಟಲೊಳಗೆ ಕೊಳವೆ ಬಿಟ್ಟು ನೋಡಿದ ಡಾಕ್ಟರು, ಎಲ್ಲ ಸರಿಯಾಗಿದೆ, ಇವರು ಯಾಕೆ ಮಾತಾಡ್ತಿಲ್ಲ ಅಂತ ನಮ್ಮನ್ನೇ ಕೇಳಿದರು.

ಯಾಕೆ ನಗ್ತೀಯಾ? ನಗು. ನಾನೂ ಟೈನಾ ಹೇಳಿದಾಗ ಅರ್ಧ ನಂಬಿದ್ದೆ, ಅರ್ಧ ಬಿಟ್ಟಿದ್ದೆ. ಆದರೆ ಕಳೆದ ಶರತ್ಕಾಲ ನಾನು ಆಕ್ಸೆಲ್‌ನನ್ನ ಕೆಲಸದಿಂದ ಕರಕೊಂಡು ಬರ್ತಿದ್ದೆ. ಆ ಬಾವಿಗೆ ಹತ್ತಿರದ ಕಾಡಿನ ರಸ್ತೆಯಲ್ಲಿ ಟ್ರಕ್ ನಿಲ್ಲಿಸಿ, ಎಂಜಿನ್ ಆರಿಸಿ, ಗಾಜು ಇಳಿಸಿಕೊಂಡು ಇಬ್ಬರೂ ಪ್ಯಾಸ್ಟಿ ತಿಂತಿದ್ದೆವು. ದೂರದಲ್ಲಿ ಯಾರೋ ಮರ ಕೊಯ್ತಿದ್ದರು. ಯಂತ್ರ ನಿಂತಿತು. ಒಬ್ಬ ಕೂಗಿದ, "ಆಚೆ ಇದೀಯಾ?" ಅಂತ.

ಬಾವಿಯ ಕಡೆಯಿಂದ ಉತ್ತರ ಬಂತು. "ಆಚೆ ಇದೀನಿ."

ಆಕ್ಸೆಲ್‌ನ ದನಿ. ನಾನು ಎತ್ತಿ ಆಡಿಸಿದ ಹುಡುಗ, ನನಗೆ ಗೊತ್ತಾಗಲ್ವಾ? ನಾನು ಹಾರನ್ ಮೇಲೆ ಕೈ ಇಟ್ಟವನು ತೆಗೀಲೇ ಇಲ್ಲ, ಅವರು ಬಯ್ದುಕೊಂಡು ರಸ್ತೆಗೆ ಓಡಿ ಬರೋ ತನಕ.

ಆಕ್ಸೆಲ್ ನನ್ನ ಪಕ್ಕದಲ್ಲೇ ಕೂತಿದ್ದ. ಅವನ ಬಾಯಿ ತುಂಬ ಪ್ಯಾಸ್ಟಿ ಇತ್ತು. ಅಗಿಯೋದು ನಿಲ್ಲಿಸಿದ್ದ.